ಸಿಂಕ್ರೊನಸ್ ಮೋಟರ್ ಸ್ಪೀಡ್ ಬದಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ರೆಕಾರ್ಡ್ ಪ್ಲೇಯರ್‌ಗಳನ್ನು ಬಿಚ್ಚಿ ಸರಿಮಾಡುವುದು ನನ್ನ ಹವ್ಯಾಸ. ಈ ಮೋಟರ್‌ಗಳ ಹುಚ್ಚು ಹಿಡಿದದ್ದು ಅಲ್ಲಿಂದಲೇ. ಮನೆಯಲ್ಲಿ ಪ್ಲೇಯರ್ ಇಟ್ಟುಕೊಂಡವರು, ಡಿಪ್ಲೊಮಾ ಓದುವ ಮಕ್ಕಳು, ವರ್ಕ್‌ಶಾಪ್ ನಡೆಸುವವರು ಸಿಕ್ಕಾಗಲೆಲ್ಲ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಪತ್ರಗಳಲ್ಲೂ ಅವೇ ಬರುತ್ತವೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಪಾಠ

ಸಿಂಕ್ರೊನಸ್ ಮೋಟರ್ ಅಂದ್ರೆ ಏನು? ಮಾಮೂಲಿ ಮೋಟರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮೋಟರ್‌ನ ತಿರುಗದ ಭಾಗವಾದ ಸ್ಟೇಟರ್‌ನಲ್ಲಿ ಸುತ್ತಿದ ತಂತಿಗೆ, ಅಂದರೆ ವೈಂಡಿಂಗ್‌ಗೆ ಎಸಿ ಕರೆಂಟ್ ಕೊಟ್ಟಾಗ ಒಳಗೆ ಒಂದು ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಇಂಡಕ್ಷನ್ ಮೋಟರ್‌ನಲ್ಲೂ ಇದೇ, ಸಿಂಕ್ರೊನಸ್ ಮೋಟರ್‌ನಲ್ಲೂ ಇದೇ. ವ್ಯತ್ಯಾಸ ಇರುವುದು ತಿರುಗುವ ಭಾಗವಾದ ರೋಟರ್‌ನಲ್ಲಿ. ಇಂಡಕ್ಷನ್ ಮೋಟರ್‌ನ ರೋಟರ್ ಆ ಕ್ಷೇತ್ರವನ್ನು ಹಿಡಿಯಲು ಓಡುತ್ತಲೇ ಇರುತ್ತದೆ, ಆದರೆ ಯಾವಾಗಲೂ ಚೂರು ಹಿಂದೆ ಉಳಿಯುತ್ತದೆ. ಆ ಹಿಂದುಳಿಕೆಗೆ ಸ್ಲಿಪ್ ಎನ್ನುತ್ತಾರೆ. ಸ್ಲಿಪ್ ಇದ್ದರೆ ಮಾತ್ರ ಅದಕ್ಕೆ ತಿರುಗುವ ಬಲ ಹುಟ್ಟುತ್ತದೆ.

ಸಿಂಕ್ರೊನಸ್ ಮೋಟರ್‌ನ ರೋಟರ್ ತಾನೇ ಒಂದು ಅಯಸ್ಕಾಂತ. ಅದು ಕಾಯಂ ಮ್ಯಾಗ್ನೆಟ್ ಆಗಿರಬಹುದು, ಡಿಸಿ ಕರೆಂಟ್ ಕೊಟ್ಟು ಮಾಡಿದ ಮ್ಯಾಗ್ನೆಟ್ ಆಗಿರಬಹುದು. ರಿಲಕ್ಟೆನ್ಸ್ ಮೋಟರ್‌ನಲ್ಲಿ ಮ್ಯಾಗ್ನೆಟ್ ಇಲ್ಲದೆ ಕಬ್ಬಿಣದ ಆಕಾರವೇ ಆ ಕೆಲಸ ಮಾಡುತ್ತದೆ. ಯಾವುದೇ ಆದರೂ ರೋಟರ್ ಸುತ್ತುವ ಕ್ಷೇತ್ರದ ಕೈ ಹಿಡಿದುಕೊಂಡು ಅದರ ಜೊತೆಯಲ್ಲೇ ಸುತ್ತುತ್ತದೆ. ಹಿಂದೆ ಬೀಳುವುದಿಲ್ಲ, ಮುಂದೆ ಓಡುವುದೂ ಇಲ್ಲ.

ಹಾಗಾದ್ರೆ ಸ್ಪೀಡ್ ತೀರ್ಮಾನ ಮಾಡೋದು ಯಾವುದು?

ಎರಡೇ ಎರಡು: ಕರೆಂಟಿನ ಫ್ರೀಕ್ವೆನ್ಸಿ (ಎಸಿ ಅಲೆ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಅನ್ನುವುದು, ಅದರ ಅಳತೆ ಹರ್ಟ್ಸ್) ಮತ್ತು ಮೋಟರ್‌ನ ಪೋಲ್‌ಗಳ, ಅಂದರೆ ಕಾಂತಧ್ರುವಗಳ ಸಂಖ್ಯೆ. ಫ್ರೀಕ್ವೆನ್ಸಿಯನ್ನು 120ರಿಂದ ಗುಣಿಸಿ, ಪೋಲ್ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು ಸಿಗುತ್ತದೆ. ನಮ್ಮ 50 ಹರ್ಟ್ಸ್‌ಗೆ 2 ಪೋಲ್ ಇದ್ದರೆ 3000, 4 ಇದ್ದರೆ 1500, 6 ಇದ್ದರೆ 1000. ಹಳೆಯ ಥೋರೆನ್ಸ್ ಟಿಡಿ 160 ಪ್ಲೇಯರ್‌ನಲ್ಲಿ 16 ಪೋಲ್ ಮೋಟರ್ ಇದೆ. ಅದು 375 ಸುತ್ತು ಸುತ್ತುತ್ತದೆ.

ಪೋಲ್‌ಗಳು ಮೋಟರ್ ಕಟ್ಟುವಾಗಲೇ ನಿಗದಿಯಾಗಿ ಹೋಗಿರುತ್ತವೆ. ಆದ್ದರಿಂದ ನಮ್ಮ ಕೈಯಲ್ಲಿ ಉಳಿಯುವುದು ಫ್ರೀಕ್ವೆನ್ಸಿ ಒಂದೇ. ಕೆಳಗಿನ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿ ಇಲ್ಲಿಗೇ ಬಂದು ನಿಲ್ಲುತ್ತವೆ.

ನನ್ನ ಹತ್ರ ಇರೋದು ಸಿಂಕ್ರೊನಸ್ಸಾ ಅಲ್ವಾ, ಹೇಗೆ ಗೊತ್ತಾಗುತ್ತೆ?

ನೇಮ್‌ಪ್ಲೇಟ್ ನೋಡಿ. 1440, 2880, 960 ಇಂಥ ಸಂಖ್ಯೆ ಇದ್ದರೆ ಅದು ಇಂಡಕ್ಷನ್. 1500ರಲ್ಲಿ ಸ್ಲಿಪ್ ಕಳೆದು 1440 ಬಂದಿರುತ್ತದೆ. ಸರಿಯಾಗಿ 1500, 3000, 375, 250 ಅಂತಿದ್ದರೆ ಸಿಂಕ್ರೊನಸ್. ಮೈಕ್ರೊವೇವ್ ಒಲೆಯ ತಟ್ಟೆ ತಿರುಗಿಸುವ ಪುಟ್ಟ ಮೋಟರ್ ಮೇಲೆ ಸಾಮಾನ್ಯವಾಗಿ 5/6 ಎಂದು ಬರೆದಿರುತ್ತದೆ. 50 ಹರ್ಟ್ಸ್‌ನಲ್ಲಿ 5 ಸುತ್ತು, 60 ಹರ್ಟ್ಸ್‌ನಲ್ಲಿ 6 ಸುತ್ತು ಅಂತ ಅರ್ಥ. ಸಿಂಕ್ರೊನಸ್ ಅನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು.

ಮಿಕ್ಸಿಯಲ್ಲಿರುವುದು ಬ್ರಷ್ ಇರುವ ಯೂನಿವರ್ಸಲ್ ಮೋಟರ್. ಅದಕ್ಕೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಗ್ರಿಡ್ ಎಂಬ ವಿದ್ಯುತ್ ಜಾಲದ ಕರೆಂಟಿನಲ್ಲಿ ಓಡುವ ಹೊಲದ ಬೋರ್‌ವೆಲ್ ಮೋಟರ್ ಸಾಮಾನ್ಯವಾಗಿ ಇಂಡಕ್ಷನ್ನೇ.

ಫ್ಯಾನ್ ರೆಗ್ಯುಲೇಟರ್ ಹಾಕಿ ಸ್ಪೀಡ್ ಕಡಿಮೆ ಮಾಡ್ಬಹುದಾ?

ಆಗುವುದಿಲ್ಲ. ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ಸೀಲಿಂಗ್ ಫ್ಯಾನ್ ಇಂಡಕ್ಷನ್ ಮೋಟರ್. ರೆಗ್ಯುಲೇಟರ್ ವೋಲ್ಟೇಜ್ ಇಳಿಸಿದಾಗ ಅದರ ಬಲ ಕುಗ್ಗುತ್ತದೆ. ಬಲ ಕುಗ್ಗಿದ್ದಕ್ಕೆ ಸ್ಲಿಪ್ ಜಾಸ್ತಿಯಾಗುತ್ತದೆ, ಸ್ಪೀಡ್ ಇಳಿಯುತ್ತದೆ. ಸಿಂಕ್ರೊನಸ್ ಮೋಟರ್‌ನಲ್ಲಿ ಸ್ಲಿಪ್ ಇಲ್ಲ. ವೋಲ್ಟೇಜ್ 230ರಿಂದ 200ಕ್ಕೆ ಇಳಿಸಿ, 180ಕ್ಕೆ ಇಳಿಸಿ, ಸ್ಪೀಡ್ ಒಂದಿಷ್ಟೂ ಕದಲುವುದಿಲ್ಲ. ಆದರೆ ಒಳಗೆ ರೋಟರ್‌ನ ಹಿಡಿತ ಸಡಿಲವಾಗುತ್ತಿರುತ್ತದೆ. ಇನ್ನೂ ಇಳಿಸಿದರೆ ಒಂದು ಹಂತದಲ್ಲಿ ಹಿಡಿತ ಪೂರ್ತಿ ತಪ್ಪುತ್ತದೆ. ಮೋಟರ್ ನಿಧಾನವಾಗುವುದಿಲ್ಲ, ನಿಂತೇ ಹೋಗುತ್ತದೆ. ಚಿಕ್ಕದಾದರೆ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ದೊಡ್ಡದಾದರೆ, ಟ್ರಿಪ್ ಆಗದಿದ್ದರೆ ವೈಂಡಿಂಗ್ ಸುಟ್ಟು ಹೋಗಬಹುದು.

ಎಲೆಕ್ಟ್ರಾನಿಕ್ ಡಿಮ್ಮರ್ ಇನ್ನೂ ಕೆಟ್ಟದ್ದು. ಅದು ಎಸಿ ಅಲೆಯನ್ನು ಕತ್ತರಿಸಿ ಕೊಡುತ್ತದೆ. ಹಾಗಾಗಿ ನಡುಕವೂ ಸೇರಿಕೊಳ್ಳುತ್ತದೆ.

ಲೋಡ್ ಜಾಸ್ತಿ ಆದ್ರೆ ಸ್ಪೀಡ್ ಇಳಿಯುತ್ತಾ?

ಸರಾಸರಿ ಸ್ಪೀಡ್ ಇಳಿಯುವುದಿಲ್ಲ. ಕ್ಷೇತ್ರಕ್ಕೂ ರೋಟರ್‌ಗೂ ನಡುವೆ ರಬ್ಬರ್ ಬ್ಯಾಂಡ್ ಕಟ್ಟಿದೆ ಅಂದುಕೊಳ್ಳಿ. ಲೋಡ್ ಬಿದ್ದಾಗ ಆ ಬ್ಯಾಂಡ್ ಚೂರು ಹಿಗ್ಗುತ್ತದೆ, ರೋಟರ್ ಒಂದಿಷ್ಟು ಕೋನ ಹಿಂದೆ ಜಗ್ಗುತ್ತದೆ. ಆಮೇಲೆ ಮತ್ತೆ ಅದೇ ಸ್ಪೀಡಿನಲ್ಲಿ ಸಾಗುತ್ತದೆ. ಈ ಕೋನಕ್ಕೆ ಲೋಡ್ ಆಂಗಲ್ ಎನ್ನುತ್ತಾರೆ. ಗುಂಡನೆಯ ರೋಟರ್ ಇದ್ದರೆ ಅದು 90 ಡಿಗ್ರಿ ಮುಟ್ಟಿದಾಗ ಬಲ ತುತ್ತತುದಿಗೆ ಬರುತ್ತದೆ. ಅದನ್ನು ದಾಟಿದರೆ ಬ್ಯಾಂಡ್ ಹರಿದ ಹಾಗೆ. ಆ ತುದಿಯ ಬಲವನ್ನೇ ಪುಲ್‌ಔಟ್ ಟಾರ್ಕ್ ಅನ್ನುವುದು.

ಲೋಡ್ ಏಕಾಏಕಿ ಬದಲಾದರೆ ರೋಟರ್ ಆ ಬ್ಯಾಂಡಿನ ತುದಿಯಲ್ಲಿ ಹಿಂದೆ ಮುಂದೆ ತೂಗಾಡುತ್ತದೆ. ಇದು ಹಂಟಿಂಗ್. ದೊಡ್ಡ ಮೋಟರ್‌ಗಳಲ್ಲಿ ಇದನ್ನು ತಡೆಯಲು ರೋಟರ್ ಮುಖದಲ್ಲಿ ತಾಮ್ರದ ಡ್ಯಾಂಪರ್ ಸರಳುಗಳನ್ನು ಕೂರಿಸಿರುತ್ತಾರೆ.

ಫೀಲ್ಡ್ ಕರೆಂಟ್ ಏರಿಸಿದ್ರೆ ಸ್ಪೀಡ್ ಬದಲಾಗುತ್ತಾ? ಡಿಸಿ ಮೋಟರ್‌ನಲ್ಲಿ ಆಗುತ್ತಲ್ವಾ?

ಪರೀಕ್ಷೆಗೆ ಓದುವವರೆಲ್ಲ ಎಡವುವ ಜಾಗ ಇದು. ಡಿಸಿ ಶಂಟ್ ಮೋಟರ್‌ನಲ್ಲಿ ಫೀಲ್ಡ್ ತಗ್ಗಿಸಿದರೆ ಸ್ಪೀಡ್ ಏರುತ್ತದೆ, ನಿಜ. ಸಿಂಕ್ರೊನಸ್‌ನಲ್ಲಿ ಫೀಲ್ಡ್ ಅಂದರೆ ರೋಟರನ್ನು ಮ್ಯಾಗ್ನೆಟ್ ಮಾಡುವ ಡಿಸಿ ಕರೆಂಟ್. ಅದರಿಂದ ಬದಲಾಗುವುದು ಪವರ್ ಫ್ಯಾಕ್ಟರ್, ಅಂದರೆ ವೋಲ್ಟೇಜ್ ಮತ್ತು ಕರೆಂಟಿನ ಅಲೆಗಳು ಎಷ್ಟು ಹೊಂದಿಕೊಂಡು ಸಾಗುತ್ತವೆ ಅನ್ನುವ ಅಳತೆ. ಫೀಲ್ಡ್ ಕಡಿಮೆ ಇದ್ದರೆ ಮೋಟರ್ ವೋಲ್ಟೇಜಿಗಿಂತ ಹಿಂದೆ ಬೀಳುವ (ಲ್ಯಾಗಿಂಗ್) ಕರೆಂಟ್ ಎಳೆಯುತ್ತದೆ. ಜಾಸ್ತಿ ಮಾಡಿದರೆ ಕರೆಂಟ್ ಮುಂದಾಗಿ (ಲೀಡಿಂಗ್) ಕೆಪಾಸಿಟರ್ ಥರ ವರ್ತಿಸುತ್ತದೆ. ಇಡೀ ಕಾರ್ಖಾನೆಯ ಪವರ್ ಫ್ಯಾಕ್ಟರ್ ಸರಿಮಾಡಲು ದೊಡ್ಡ ಸಿಂಕ್ರೊನಸ್ ಮೋಟರನ್ನು ಹೀಗೆ ಓಡಿಸುವುದುಂಟು. ಸ್ಪೀಡ್ ಮಾತ್ರ ಇದ್ದಲ್ಲೇ ಇರುತ್ತದೆ.

## ಮನೆಯೊಳಗಿನ ಮೋಟರ್‌ಗಳು

ನಮ್ಮ ರೆಕಾರ್ಡ್ ಪ್ಲೇಯರ್ ಆಗಾಗ ಶ್ರುತಿ ಇಳಿಸುತ್ತಿತ್ತು. ಈಗ ಸರಿ ಇದೆ. ನಾನೇನೂ ರಿಪೇರಿ ಮಾಡಿಲ್ಲ, ಯಾಕೆ ಹೀಗೆ?

ನಿಮ್ಮ ಪ್ಲೇಯರ್‌ನ ತಪ್ಪಲ್ಲ, ಕರೆಂಟಿನ ತಾಳ ತಪ್ಪುತ್ತಿತ್ತು. ಇಡೀ ಗ್ರಿಡ್‌ನ ವಿದ್ಯುತ್ ಬೇಡಿಕೆ ಉತ್ಪಾದನೆಗಿಂತ ಜಾಸ್ತಿಯಾದರೆ ಗ್ರಿಡ್ ಫ್ರೀಕ್ವೆನ್ಸಿ ಇಳಿಯುತ್ತದೆ. ದಕ್ಷಿಣದ ರಾಜ್ಯಗಳ ಗ್ರಿಡ್ ಹಿಂದೆ ಬೇರೆಯೇ ಇತ್ತು. 90ರ ದಶಕದಲ್ಲಿ ಸಂಜೆ ಹೊತ್ತು 49 ಹರ್ಟ್ಸ್‌ಗಿಂತ ಕೆಳಗೆ ಹೋಗುವುದು ಮಾಮೂಲಿಯಾಗಿತ್ತು. 48.5ಕ್ಕೆ ಇಳಿದರೆ ಸ್ಪೀಡ್ 3 ಶೇಕಡಾ ಕಡಿಮೆ. ಅಂದರೆ ಹಾಡು ಒಂದು ಸ್ವರಸ್ಥಾನದ ಅರ್ಧದಷ್ಟು ಕೆಳಗೆ ಜಾರುತ್ತದೆ. ಕಿವಿ ಪಳಗಿದವರಿಗೆ ತಕ್ಷಣ ಗೊತ್ತಾಗುತ್ತದೆ.

2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿಕೊಂಡಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಫ್ರೀಕ್ವೆನ್ಸಿ. ಅದನ್ನು 49.90ರಿಂದ 50.05ರೊಳಗೆ ಇಡಬೇಕೆಂದು ಗ್ರಿಡ್ ನಿಯಮ ಹೇಳುತ್ತದೆ. ರಾಯಚೂರಿನ ಒಂದು ಲೈನಿಗೂ ಮನೆಯ ಮೂಲೆಯಲ್ಲಿ ಸುತ್ತುವ ತಟ್ಟೆಗೂ ಇರುವ ಈ ನಂಟು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಸ್ಟ್ರೋಬ್ ಗೆರೆಗಳು ಅಲ್ಲಾಡದೆ ನಿಂತಿವೆ. ಅಂದ್ರೆ ಸ್ಪೀಡ್ ಸರಿ ಇದೆ ಅಂತ ತಾನೆ?

ಮೋಟರ್ ಗ್ರಿಡ್ ಕರೆಂಟಿನಲ್ಲೇ ಓಡುತ್ತಿದ್ದರೆ ಹಾಗೆ ಹೇಳಲು ಬರುವುದಿಲ್ಲ. ಸ್ಟ್ರೋಬ್ ಅಂದರೆ ಸುತ್ತುವ ಡಿಸ್ಕಿನ ಗೆರೆಗಳನ್ನು ಮಿನುಗುವ ದೀಪದಲ್ಲಿ ನೋಡುವುದು; ಸ್ಪೀಡ್ ಹೊಂದಿದರೆ ಗೆರೆಗಳು ನಿಂತಂತೆ ಕಾಣುತ್ತವೆ. 50 ಹರ್ಟ್ಸ್ ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲ್‌ಪಿ ರೆಕಾರ್ಡ್ ನಿಮಿಷಕ್ಕೆ ಸುತ್ತಬೇಕಾದ 33⅓ ಸುತ್ತಿಗೆ 180 ಗೆರೆ ಇರುವ ಡಿಸ್ಕ್ ಬೇಕು, ಲೆಕ್ಕ ಸರಿಯಾಗಿ ಕೂಡುತ್ತದೆ. ಆದರೆ ಗ್ರಿಡ್ 49ಕ್ಕೆ ಇಳಿದರೆ ದೀಪವೂ ನಿಧಾನ, ತಟ್ಟೆಯೂ ನಿಧಾನ. ಎರಡೂ ಒಟ್ಟಿಗೆ ಇಳಿದಾಗ ಗೆರೆಗಳು ನಿಂತೇ ಇರುತ್ತವೆ. ಮೋಟರ್‌ನಿಂದ ತಟ್ಟೆಗೆ ಸುತ್ತು ಸಾಗಿಸುವ ಪುಲ್ಲಿ, ಬೆಲ್ಟ್ ಸರಿ ಇದೆ ಅಂತ ಸ್ಟ್ರೋಬ್ ಹೇಳಬಲ್ಲದು, ಫ್ರೀಕ್ವೆನ್ಸಿ ಸರಿ ಇದೆ ಅಂತ ಹೇಳಲಾರದು. ಜೊತೆಗೆ ಈಗಿನ ಅನೇಕ ಎಲ್‌ಇಡಿ ಬಲ್ಬ್‌ಗಳಲ್ಲಿ ಮಿನುಗೇ ಕಾಣಿಸುವುದಿಲ್ಲ.

3150 ಹರ್ಟ್ಸ್ ನಾದ ಇರುವ ಟೆಸ್ಟ್ ರೆಕಾರ್ಡ್ ಹಾಕಿ, ಫೋನಿನಲ್ಲಿ ಫ್ರೀಕ್ವೆನ್ಸಿ ಅಳೆಯಿರಿ. 3087 ತೋರಿಸಿದರೆ 2 ಶೇಕಡಾ ನಿಧಾನ. ಫೋನನ್ನೇ ತಟ್ಟೆಯ ನಡುವೆ ಇಟ್ಟು ಸುತ್ತು ಎಣಿಸುವ ಆ್ಯಪ್‌ಗಳೂ ಇವೆ.

ಅಮೆರಿಕದಿಂದ ಮಗಳು ಟರ್ನ್‌ಟೇಬಲ್ ತಂದಿದ್ದಾಳೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಸಾಕಾ?

ಆ ಟರ್ನ್‌ಟೇಬಲ್‌ನಲ್ಲಿ, ಅಂದರೆ ರೆಕಾರ್ಡ್ ಪ್ಲೇಯರ್‌ನಲ್ಲಿ ಎಸಿ ಸಿಂಕ್ರೊನಸ್ ಮೋಟರ್ ಇದ್ದರೆ ಸಾಲದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಮೆರಿಕದ 60 ಹರ್ಟ್ಸ್ ಕರೆಂಟಿಗೆ ಮಾಡಿದ ತಟ್ಟೆ ಇಲ್ಲಿ 33⅓ರ ಬದಲು ಸುಮಾರು 27.8 ಸುತ್ತು ಸುತ್ತುತ್ತದೆ. ಹಾಡು ಹಾರ್ಮೋನಿಯಂನ ಮೂರು ಸ್ವರಸ್ಥಾನಕ್ಕೂ ಜಾಸ್ತಿ ಕೆಳಗೆ ಬಂದು ಕೂರುತ್ತದೆ.

ದಾರಿ ಎರಡಿವೆ. ಪುಲ್ಲಿಯನ್ನು 1.2 ಪಟ್ಟು ದಪ್ಪದ್ದಕ್ಕೆ ಬದಲಿಸುವುದು ಒಂದು. ಹಳೆಯ ಅನೇಕ ಮಾಡೆಲ್‌ಗಳಿಗೆ ಕಂಪನಿಯವರೇ 50 ಹರ್ಟ್ಸ್ ಪುಲ್ಲಿ ಮಾಡುತ್ತಿದ್ದರು. ಇಲ್ಲವಾದರೆ ಒಳ್ಳೆಯ ಟರ್ನರ್ ಹತ್ತಿರ ಲೇತ್‌ನಲ್ಲಿ ಮಾಡಿಸಿ. ಇನ್ನೊಂದು, 60 ಹರ್ಟ್ಸ್ ಕೊಡುವ ಎಲೆಕ್ಟ್ರಾನಿಕ್ ಡ್ರೈವ್ ಕಟ್ಟುವುದು. ಪುಲ್ಲಿ ದಾರಿ ಹಿಡಿದರೆ ಒಂದು ಎಚ್ಚರ: 120 ವೋಲ್ಟ್ ಮೋಟರ್‌ಗೆ 50 ಹರ್ಟ್ಸ್‌ನಲ್ಲಿ 100 ವೋಲ್ಟ್ ಸಾಕು. 120 ಕೊಟ್ಟರೆ ಒಳಗಿನ ಕಬ್ಬಿಣದ ಕೋರ್ ಇನ್ನು ಕಾಂತಶಕ್ತಿ ಹಿಡಿಯಲಾರದಷ್ಟು ತುಂಬಿ, ಅಂದರೆ ಸ್ಯಾಚುರೇಟ್ ಆಗಿ ಮೋಟರ್ ಬಿಸಿಯಾಗುತ್ತದೆ.

ಡಿಸಿ ಅಡಾಪ್ಟರ್‌ನಲ್ಲಿ ಓಡುವ ಟರ್ನ್‌ಟೇಬಲ್ ಆಗಿದ್ದರೆ ಈ ತಲೆಬಿಸಿ ಇಲ್ಲ, ಅಡಾಪ್ಟರ್ ಬದಲಿಸಿ.

ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಹಾಕಿದ್ರೆ ಮೋಟರ್ ಗೊರಗೊರ ಅನ್ನುತ್ತೆ. ಸ್ಪೀಡ್ ಸರೀನೇ ಇದೆ. ತೊಂದರೆ ಏನು?

ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬೇಕು. ಫ್ರೀಕ್ವೆನ್ಸಿ 50ರ ಸುತ್ತಮುತ್ತ ಇರುವುದರಿಂದ ಸ್ಪೀಡ್ ಸರಿ ಇರುತ್ತದೆ. ಅಲೆಯ ಚೌಕ ಅಂಚುಗಳಲ್ಲಿರುವ ಹಾರ್ಮೋನಿಕ್ಸ್, ಅಂದರೆ 50ರ ಹಲವು ಪಟ್ಟಿನ ಬೇಡದ ಫ್ರೀಕ್ವೆನ್ಸಿಗಳು ಮೋಟರನ್ನು ನಡುಗಿಸುತ್ತವೆ, ಬಿಸಿ ಮಾಡುತ್ತವೆ. ಪ್ಯೂರ್ ಸೈನ್ ವೇವ್ ಯುಪಿಎಸ್ ಇದ್ದರೆ ಸದ್ದು ಅಡಗುತ್ತದೆ.

ಬಿಎಲ್‌ಡಿಸಿ ಫ್ಯಾನ್‌ಗೂ ಇದಕ್ಕೂ ಸಂಬಂಧ ಇದೆಯಾ?

ಹತ್ತಿರದ ನೆಂಟಸ್ತಿಕೆ. ಬಿಎಲ್‌ಡಿಸಿ ಅಂದರೆ ಬ್ರಷ್‌ಲೆಸ್ ಡಿಸಿ. ಹೆಸರಿನಲ್ಲಿ ಡಿಸಿ ಇದ್ದರೂ ಒಳಗೆ ಇರುವುದು ಕಾಯಂ ಮ್ಯಾಗ್ನೆಟ್ಟಿನ ಸಿಂಕ್ರೊನಸ್ ಮೋಟರ್. ಫ್ಯಾನಿನೊಳಗಿನ ಬೋರ್ಡ್ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿ, ಅದರಿಂದ ಮತ್ತೆ ಬೇಕಾದ ಫ್ರೀಕ್ವೆನ್ಸಿಯ ಎಸಿ ತಯಾರಿಸುತ್ತದೆ. ರೋಟರ್‌ನಲ್ಲಿ 14 ಪೋಲ್ ಇದ್ದರೆ 350 ಸುತ್ತಿಗೆ ಸುಮಾರು 41 ಹರ್ಟ್ಸ್ ಬೇಕು. ರಿಮೋಟ್ ಒತ್ತಿದಾಗ ನೀವು ಬದಲಿಸುವುದು ಆ ಫ್ರೀಕ್ವೆನ್ಸಿಯನ್ನೇ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುವ ಕಡೆ ಇದು 30ರ ಆಸುಪಾಸಿನಲ್ಲಿ ಗಾಳಿ ಕೊಡುತ್ತದೆ. ಗೋಡೆಯ ಹಳೆ ರೆಗ್ಯುಲೇಟರನ್ನು ಬೈಪಾಸ್ ಮಾಡಿಸಿ, ಇಲ್ಲದಿದ್ದರೆ ಬೋರ್ಡ್ ಕೆಡಬಹುದು.

## ಡ್ರೈವ್ ಕಟ್ಟುವವರಿಗೆ

ಟರ್ನ್‌ಟೇಬಲ್‌ಗೆ ನಾನೇ ಸ್ಪೀಡ್ ಕಂಟ್ರೋಲರ್ ಕಟ್ಟಬೇಕು. ಎಲ್ಲಿಂದ ಶುರು ಮಾಡ್ಲಿ?

ಬೇಕಾದ್ದು ಮೂರು: ಸೈನ್ ಅಲೆ ಹುಟ್ಟಿಸುವ ಮೈಕ್ರೊಕಂಟ್ರೋಲರ್, ಒಂದು ಆಡಿಯೊ ಆಂಪ್ಲಿಫೈಯರ್ ಬೋರ್ಡ್, ವೋಲ್ಟೇಜ್ ಏರಿಸಲು ತಿರುವಿ ಜೋಡಿಸಿದ ಟ್ರಾನ್ಸ್‌ಫಾರ್ಮರ್. ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ಬೆಳಗ್ಗೆ ಹೋದರೆ ಎಲ್ಲವೂ ಸಿಗುತ್ತದೆ.

ಮೈಕ್ರೊಕಂಟ್ರೋಲರ್ ಕ್ರಿಸ್ಟಲ್‌ನಿಂದ ನಡೆಯಲಿ. ಅದರ ತಪ್ಪು ಹತ್ತು ಲಕ್ಷಕ್ಕೆ ಕೆಲವು ಹತ್ತುಗಳಷ್ಟು, ಯಾವ ಕಿವಿಗೂ ತಿಳಿಯದು. ಫ್ರೀಕ್ವೆನ್ಸಿಯನ್ನು 0.01 ಹರ್ಟ್ಸ್ ಹೆಜ್ಜೆಯಲ್ಲಿ ಬದಲಿಸುವ ಹಾಗೆ ಬರೆಯಿರಿ. ಪುಲ್ಲಿ 33⅓ರ ಜಾಗದಲ್ಲಿದ್ದು 50 ಹರ್ಟ್ಸ್‌ಗೆ ಸರಿಯಾಗಿ ಓಡಿದರೆ, 67.5 ಹರ್ಟ್ಸ್ ಕೊಟ್ಟಾಗ 45 ಸುತ್ತು ಬರುತ್ತದೆ. ಇನ್ನು ಬೆಲ್ಟ್ ಎತ್ತಿ ಕೂರಿಸುವ ಕೆಲಸವಿಲ್ಲ.

ಇಂಥ ಮೋಟರ್‌ಗಳು ಎಳೆಯುವುದು 4-5 ವ್ಯಾಟ್ ಅಷ್ಟೇ. 24 ವೋಲ್ಟ್‌ನಲ್ಲಿ ಓಡುವ ಕ್ಲಾಸ್ ಡಿ ಆಂಪ್ಲಿಫೈಯರ್, 230ರಿಂದ 12 ವೋಲ್ಟ್‌ನ 20 ವಿಎ ಟ್ರಾನ್ಸ್‌ಫಾರ್ಮರ್ ಧಾರಾಳ ಸಾಕು. 12 ವೋಲ್ಟ್ ಕಡೆಗೆ ಆಂಪ್ಲಿಫೈಯರ್, 230ರ ಕಡೆಗೆ ಮೋಟರ್. ಆಂಪ್ಲಿಫೈಯರ್‌ನಿಂದ ಡಿಸಿ ನುಸುಳಿದರೆ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಟ್ ಆಗುತ್ತದೆ. ನಡುವೆ ಎರಡೂ ದಿಕ್ಕಿನ ವೋಲ್ಟೇಜ್ ತಡೆಯುವ ದೊಡ್ಡ ಕೆಪಾಸಿಟರ್ ಹಾಕಿ. ಟ್ರಾನ್ಸ್‌ಫಾರ್ಮರ್‌ನಿಂದ ಹೊರಬರುವುದು ಪ್ರಾಣ ತೆಗೆಯುವ ವೋಲ್ಟೇಜ್ ಅನ್ನುವುದು ಮರೆಯಬೇಡಿ. ಪೆಟ್ಟಿಗೆ ಮುಚ್ಚಿ, ಅರ್ಥ್ ಕೊಟ್ಟು, ಆಮೇಲೆ ಸ್ವಿಚ್ ಹಾಕಿ.

ಫ್ರೀಕ್ವೆನ್ಸಿ ಬದಲಿಸಿದಾಗ ವೋಲ್ಟೇಜೂ ಬದಲಿಸಬೇಕಾ?

ಹೌದು, ಎರಡೂ ಒಟ್ಟಿಗೆ ಏರಿಳಿಯಬೇಕು. ಕೋರ್‌ನಲ್ಲಿ ಕಾಂತಶಕ್ತಿ ಎಷ್ಟು ತುಂಬುತ್ತದೆ ಅನ್ನುವುದು ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಮೇಲೆ ನಿಂತಿದೆ. 50 ಹರ್ಟ್ಸ್‌ಗೆ 230 ಇದ್ದರೆ 40ಕ್ಕೆ 184, 25ಕ್ಕೆ 115. ಇಳಿಸದೇ ಬಿಟ್ಟರೆ ಕರೆಂಟ್ ವಿಪರೀತ ಏರಿ ಮೋಟರ್ ಸುಡುತ್ತದೆ.

ಮೇಲಕ್ಕೆ ಹೋಗುವಾಗ ತಿರುವುಮುರುವು. 67.5 ಹರ್ಟ್ಸ್‌ಗೆ ಲೆಕ್ಕದ ಪ್ರಕಾರ 310 ವೋಲ್ಟ್ ಬೇಕು. 230ರಲ್ಲೇ ನಿಲ್ಲಿಸಿದರೆ ಕಾಯಂ ಮ್ಯಾಗ್ನೆಟ್ ಮೋಟರ್‌ನ ಪುಲ್‌ಔಟ್ ಬಲ ಸುಮಾರು 74 ಶೇಕಡಾಕ್ಕೆ ಇಳಿಯುತ್ತದೆ. ಟರ್ನ್‌ಟೇಬಲ್‌ಗೆ ಅಷ್ಟು ಬಲ ಸಾಕಾಗಬಹುದು, ಕಂಪ್ರೆಸರ್‌ಗೆ ಸಾಲದು.

ತೀರಾ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ವೈಂಡಿಂಗ್‌ನ ರೆಸಿಸ್ಟೆನ್ಸೇ ವೋಲ್ಟೇಜಿನ ಬಹುಪಾಲು ತಿಂದುಬಿಡುತ್ತದೆ. ಅಲ್ಲಿ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಕೊಡಬೇಕು. ಡ್ರೈವ್‌ಗಳಲ್ಲಿ ಇದಕ್ಕೆ ಬೂಸ್ಟ್ ಅನ್ನುತ್ತಾರೆ.

ಸ್ಪೀಡ್ ಸರಿಯಾಯ್ತು, ಆದ್ರೆ ಸ್ಪೀಕರ್‌ನಲ್ಲಿ ಮೋಟರ್ ನಡುಕ ಕೇಳಿಸುತ್ತೆ. ಏನು ಮಾಡ್ಲಿ?

ತಟ್ಟೆ ಹೊರಟ ಮೇಲೆ ವೋಲ್ಟೇಜನ್ನು ನಿಧಾನಕ್ಕೆ ಇಳಿಸುತ್ತಾ ಬನ್ನಿ. ರೆಕಾರ್ಡ್ ಬ್ರಷ್ ಒತ್ತಿದರೂ ಹಿಡಿತ ತಪ್ಪದಷ್ಟು ಬಲ ಉಳಿಸಿಕೊಂಡು ನಿಲ್ಲಿಸಿ. ನಡುಕ ಎಷ್ಟು ತಗ್ಗುತ್ತದೆ ಅಂತ ನೀವೇ ಕೇಳುತ್ತೀರಿ.

ಇನ್ನೊಂದು ಕಾರಣ ಕೆಪಾಸಿಟರ್. ಈ ಮೋಟರ್‌ಗಳಲ್ಲಿ ಎರಡು ವೈಂಡಿಂಗ್ ಇರುತ್ತವೆ. ಒಂದಕ್ಕೆ ಕೆಪಾಸಿಟರ್ ಮೂಲಕ ಕರೆಂಟ್ ಕೊಟ್ಟು 90 ಡಿಗ್ರಿ ಹತ್ತಿರದ ಅಂತರ ತರುತ್ತಾರೆ. ಹಳೆ ಕೆಪಾಸಿಟರ್‌ನ ಸಾಮರ್ಥ್ಯ ಕುಗ್ಗಿದ್ದರೆ, ಅಥವಾ ನೀವು ಫ್ರೀಕ್ವೆನ್ಸಿ ಬದಲಿಸಿದರೆ ಆ ಅಂತರ ಕೆಡುತ್ತದೆ. ನನಗೆ ಮೆಚ್ಚಿಗೆಯಾದ ಪರಿಹಾರ ಅಂದರೆ ಕೆಪಾಸಿಟರ್ ತೆಗೆದುಹಾಕಿ, ಸ್ಟೀರಿಯೊ ಆಂಪ್ಲಿಫೈಯರ್‌ನ ಎರಡು ಚಾನೆಲ್‌ಗಳಿಂದ 90 ಡಿಗ್ರಿ ಅಂತರದ ಎರಡು ಅಲೆ ಕೊಡುವುದು. ಆಗ ಎಲ್ಲ ಸ್ಪೀಡಿನಲ್ಲೂ ಅಂತರ ಪಕ್ಕಾ ಇರುತ್ತದೆ. ಸಮಯ ಇದ್ದವರು ಈ ದಾರಿಯನ್ನೇ ಹಿಡಿಯಿರಿ.

ಅಂಗಡಿಯಲ್ಲಿ ಸಿಗೋ ವಿಎಫ್‌ಡಿ ಹಾಕಿದ್ರೆ ಆಗಲ್ವಾ?

ಟರ್ನ್‌ಟೇಬಲ್‌ನಂಥ ಚಿಕ್ಕ ಮೋಟರ್‌ಗೆ ಬೇಡ. ವಿಎಫ್‌ಡಿ, ಅಂದರೆ ಫ್ರೀಕ್ವೆನ್ಸಿ ಬದಲಿಸುವ ರೆಡಿಮೇಡ್ ಡ್ರೈವ್, ಕೊಡುವುದು ಮೂರು ಫೇಸ್, ಅದೂ ಸಾವಿರಾರು ಚೂರುಗಳಾಗಿ ಕತ್ತರಿಸಿದ ವೋಲ್ಟೇಜ್. ಕೆಪಾಸಿಟರ್ ಇರುವ ಮೋಟರ್‌ಗೆ ಅದು ಒಗ್ಗುವುದಿಲ್ಲ.

ಮೂರು ಫೇಸಿನ ಕಾಯಂ ಮ್ಯಾಗ್ನೆಟ್ ಮೋಟರ್ ಆದರೆ ವಿಎಫ್‌ಡಿಯೇ ಸರಿ. ಆದರೆ ಅದರಲ್ಲಿ ಪಿಎಂ (ಕಾಯಂ ಮ್ಯಾಗ್ನೆಟ್) ಮೋಟರ್ ಮೋಡ್ ಇರಬೇಕು. ಪೋಲ್ ಸಂಖ್ಯೆ, ಬ್ಯಾಕ್ ಇಎಂಎಫ್ (ತಿರುಗುವ ಮೋಟರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್), ವೈಂಡಿಂಗ್‌ನ ರೆಸಿಸ್ಟೆನ್ಸ್, ಇಂಡಕ್ಟೆನ್ಸ್ ಸರಿಯಾಗಿ ತುಂಬಿ. ಇಂಡಕ್ಷನ್ ಮೋಟರ್‌ನ ಸೆಟ್ಟಿಂಗ್‌ನಲ್ಲೇ ಓಡಿಸಿದರೆ ಹಂಟಿಂಗ್ ಶುರುವಾಗಿ ಡ್ರೈವ್ ಟ್ರಿಪ್ ಆಗುತ್ತಲೇ ಇರುತ್ತದೆ.

415 ವೋಲ್ಟ್ ಡ್ರೈವ್ ಒಳಗಿನ ಡಿಸಿ ಸುಮಾರು 587 ವೋಲ್ಟ್. ಮೇನ್ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಿರಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.

## ಇನ್ನೂ ಆಳಕ್ಕೆ

ಸಿಂಕ್ರೊನಸ್ ಮೋಟರ್ ತಾನಾಗೇ ಹೊರಡಲ್ಲ ಅಂತಾರೆ. ಹಾಗಾದ್ರೆ ಎಲೆಕ್ಟ್ರಿಕ್ ಸ್ಕೂಟರ್ ಸೊನ್ನೆಯಿಂದ ಹೇಗೆ ಹೊರಡುತ್ತೆ?

ಓಡುತ್ತಿರುವ ಬಸ್ಸಿಗೆ ನಿಂತಲ್ಲಿಂದ ಹತ್ತಲು ಆಗುವುದಿಲ್ಲ. ಬಸ್ಸೇ ನಮ್ಮ ಜೊತೆ ನಿಂತು, ಮೆಲ್ಲಗೆ ಹೊರಟರೆ ಹತ್ತಬಹುದು, ಅಲ್ವಾ? 50 ಹರ್ಟ್ಸ್ ಕ್ಷೇತ್ರ ಒಮ್ಮೆಲೇ ಸುತ್ತಿದರೆ ಭಾರವಾದ ರೋಟರ್‌ಗೆ ಹಿಡಿಯಲು ಆಗುವುದಿಲ್ಲ. ಫ್ರೀಕ್ವೆನ್ಸಿಯನ್ನು ಸೊನ್ನೆಯ ಹತ್ತಿರದಿಂದ ಏರಿಸುತ್ತಾ ಹೋದರೆ ಹಿಡಿಯುತ್ತದೆ.

ಬೆಂಗಳೂರಿನ ಏಥರ್ ಕಂಪನಿಯ 450 ಸಾಲಿನ ಸ್ಕೂಟರ್‌ಗಳಲ್ಲಿ ಇರುವುದು ಪಿಎಂಎಸ್‌ಎಂ, ಅಂದರೆ ಕಾಯಂ ಮ್ಯಾಗ್ನೆಟ್ಟಿನ ಸಿಂಕ್ರೊನಸ್ ಮೋಟರ್. ಇಂಥ ವಾಹನಗಳಲ್ಲಿ ಕಂಟ್ರೋಲರ್ ಮೊದಲು ರೋಟರ್ ಎಲ್ಲಿದೆ ಅಂತ ಸೆನ್ಸರ್ ಮೂಲಕ ನೋಡುತ್ತದೆ. ಆಮೇಲೆ ಕ್ಷೇತ್ರವನ್ನು ಅದಕ್ಕೆ ತಕ್ಕ ಕೋನದಲ್ಲಿ ಇಡುತ್ತದೆ. ರೋಟರ್ ಕದಲಿದಂತೆ ಕ್ಷೇತ್ರವೂ ಮುಂದೆ ಸರಿಯುತ್ತದೆ. ಇಲ್ಲಿ ಕ್ಷೇತ್ರವೇ ರೋಟರನ್ನು ಕೇಳಿಕೊಂಡು ಸುತ್ತುತ್ತದೆ, ಹಾಗಾಗಿ ಹಿಡಿತ ತಪ್ಪುವ ಮಾತೇ ಇಲ್ಲ.

ಎಫ್‌ಒಸಿ ಅಂದ್ರೆ ಏನು? ಸೆನ್ಸರ್ ಇಲ್ಲದೆ ಮಾಡಬಹುದಾ?

ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್. ಮೂರು ಫೇಸಿನ ಕರೆಂಟನ್ನು ರೋಟರ್ ಮೇಲೆ ಕುಳಿತು ನೋಡಿದ ಹಾಗೆ ಲೆಕ್ಕ ಹಾಕಿದರೆ ಅದು ಎರಡು ಸ್ಥಿರ ಭಾಗವಾಗಿ ಕಾಣುತ್ತದೆ. ಮ್ಯಾಗ್ನೆಟ್ಟಿನ ದಿಕ್ಕಿನದು ಡಿ ಭಾಗ, ಅದಕ್ಕೆ ಅಡ್ಡದ್ದು ಕ್ಯೂ ಭಾಗ. ತಿರುಗುವ ಬಲ ಮುಖ್ಯವಾಗಿ ಕ್ಯೂ ಭಾಗದಿಂದ ಬರುತ್ತದೆ. ಡಿ ಭಾಗವನ್ನು ಋಣಾತ್ಮಕ (ಮೈನಸ್) ಮಾಡಿದರೆ ಮ್ಯಾಗ್ನೆಟ್ಟಿನ ಪ್ರಭಾವ ತಗ್ಗಿ, ಅದೇ ಬ್ಯಾಟರಿ ವೋಲ್ಟೇಜಿನಲ್ಲಿ ಇನ್ನೂ ಜಾಸ್ತಿ ಸ್ಪೀಡ್ ಸಿಗುತ್ತದೆ. ಇದೇ ಫೀಲ್ಡ್ ವೀಕನಿಂಗ್. ಅಷ್ಟು ಸ್ಪೀಡಿನಲ್ಲಿ ಕಂಟ್ರೋಲರ್ ಕೈಕೊಟ್ಟರೆ ಮೋಟರ್‌ನ ಬ್ಯಾಕ್ ಇಎಂಎಫ್ ಬ್ಯಾಟರಿ ವೋಲ್ಟೇಜನ್ನೂ ಮೀರುತ್ತದೆ. ಡ್ರೈವ್‌ನ ಬಿಡಿಭಾಗಗಳು ಅದನ್ನು ತಡೆಯುವಂತಿರಬೇಕು.

ಸೆನ್ಸರ್ ಇಲ್ಲದೆಯೂ ಆಗುತ್ತದೆ. ಬ್ಯಾಕ್ ಇಎಂಎಫ್ ಅಳೆದು ರೋಟರ್ ಜಾಗ ಊಹಿಸುತ್ತಾರೆ. ಆದರೆ ನಿಂತಿರುವ ಮೋಟರ್‌ನಲ್ಲಿ ಬ್ಯಾಕ್ ಇಎಂಎಫ್ ಸೊನ್ನೆ. ಅದಕ್ಕೇ ಪಂಪು, ಫ್ಯಾನುಗಳಿಗೆ ಈ ವಿಧಾನ ಚೆನ್ನ, ಏರಿನಲ್ಲಿ ನಿಂತು ಹೊರಡಬೇಕಾದ ಗಾಡಿಗೆ ಸೆನ್ಸರ್ ಇರುವುದೇ ಒಳ್ಳೆಯದು.

ಹತ್ತಾರು ಮೋಟರ್ ಒಂದೇ ಸ್ಪೀಡಲ್ಲಿ ಓಡಬೇಕು. ಒಂದೇ ಡ್ರೈವ್ ಸಾಕಾ?

ಸಾಕು, ಇದು ಸಿಂಕ್ರೊನಸ್ ಮೋಟರ್‌ನ ದೊಡ್ಡ ಗುಣ. ಸಿಂಥೆಟಿಕ್ ನೂಲು ತೆಗೆಯುವ ಕಾರ್ಖಾನೆಗಳಲ್ಲಿ ಸಾಲುಸಾಲು ರಿಲಕ್ಟೆನ್ಸ್ ಮೋಟರ್‌ಗಳನ್ನು ಒಂದೇ ಇನ್ವರ್ಟರ್‌ಗೆ ಜೋಡಿಸುವ ಪದ್ಧತಿ ಇದೆ. ಯಾವುದರ ಮೇಲೆ ಎಷ್ಟೇ ಲೋಡ್ ಇರಲಿ, ಎಲ್ಲದರ ಸ್ಪೀಡ್ ಒಂದೇ. ರೋಟರ್ ಕೇಳಿಕೊಂಡು ನಡೆಯುವ ಎಫ್‌ಒಸಿ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಒಂದು ಡ್ರೈವ್ ಒಂದು ರೋಟರ್‌ನ ಮಾತು ಮಾತ್ರ ಕೇಳಬಲ್ಲದು. ಫ್ರೀಕ್ವೆನ್ಸಿಯನ್ನು ನಿಧಾನಕ್ಕೆ ಏರಿಸುವ ಹಳೆಯ ವಿಧಾನವೇ ಬೇಕು.

ಮೆಗಾವ್ಯಾಟ್ ಗಾತ್ರದ ಮೋಟರ್‌ಗಳಲ್ಲೂ ಹೀಗೇ ಮಾಡ್ತಾರಾ?

ತತ್ವ ಅದೇ, ಯಂತ್ರ ಬೇರೆ. ಭಾರಿ ಕಂಪ್ರೆಸರ್, ಬ್ಲೋವರ್‌ಗಳಿಗೆ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳಿಂದ ಕಟ್ಟಿದ ಎಲ್‌ಸಿಐ (ಲೋಡ್ ಕಮ್ಯುಟೇಟೆಡ್ ಇನ್ವರ್ಟರ್) ಡ್ರೈವ್ ಬಳಸುತ್ತಾರೆ. ಫೀಲ್ಡ್ ಜಾಸ್ತಿ ಕೊಟ್ಟ ಸಿಂಕ್ರೊನಸ್ ಮೋಟರ್ ತನ್ನ ಬ್ಯಾಕ್ ಇಎಂಎಫ್‌ನಿಂದಲೇ ಆ ಥೈರಿಸ್ಟರ್‌ಗಳನ್ನು ಆರಿಸುತ್ತದೆ. ಸಿಮೆಂಟು, ಅದಿರು ಅರೆಯುವ ದೈತ್ಯ ಗಿರಣಿಗಳಿಗೆ ಸೈಕ್ಲೊಕನ್ವರ್ಟರ್ ಇದೆ, ಅದು ಎಸಿಯನ್ನು ನೇರವಾಗಿ ಕಡಿಮೆ ಫ್ರೀಕ್ವೆನ್ಸಿಯ ಎಸಿ ಮಾಡುತ್ತದೆ. ಗಿರಣಿಯ ಡ್ರಮ್ಮಿನ ಸುತ್ತಲೇ ಪೋಲ್‌ಗಳನ್ನು ಕೂರಿಸಿ, ಗೇರೇ ಇಲ್ಲದೆ ತಿರುಗಿಸುತ್ತಾರೆ. 60 ಪೋಲ್‌ಗೆ 6 ಹರ್ಟ್ಸ್ ಕೊಟ್ಟರೆ ನಿಮಿಷಕ್ಕೆ 12 ಸುತ್ತು.

ನನಗೆ ತುಂಬ ಇಷ್ಟವಾದ ಉದಾಹರಣೆ ಹಡಗಿನದು. ಕ್ವೀನ್ ಎಲಿಜಬೆತ್ 2 ಹಡಗಿಗೆ 1986-87ರಲ್ಲಿ ಉಗಿ ಎಂಜಿನ್ ತೆಗೆದು 9 ಡೀಸೆಲ್ ಜನರೇಟರ್, 44 ಮೆಗಾವ್ಯಾಟ್‌ನ ಎರಡು ಸಿಂಕ್ರೊನಸ್ ಮೋಟರ್ ಹಾಕಿದರು. ನಿಧಾನಕ್ಕೆ ಸಾಗುವಾಗ ಕನ್ವರ್ಟರ್ ಮೂಲಕ ಫ್ರೀಕ್ವೆನ್ಸಿ ಇಳಿಸಿ 72 ಸುತ್ತು. ಪೂರ್ತಿ ವೇಗಕ್ಕೆ ಕನ್ವರ್ಟರ್ ಪಕ್ಕಕ್ಕಿಟ್ಟು, ಮೋಟರನ್ನು ನೇರವಾಗಿ ಜನರೇಟರ್‌ಗಳ 60 ಹರ್ಟ್ಸ್‌ಗೆ ಕಟ್ಟಿ 144 ಸುತ್ತು. ಮೇಲಿನ ಸೂತ್ರ ಹಾಕಿ ನೋಡಿ, 50 ಪೋಲ್ ಎಂದು ಬರುತ್ತದೆ. ಆಗ ಹಡಗಿನ ವೇಗವನ್ನು ಪ್ರೊಪೆಲರ್ ಎಲೆಗಳ ಓರೆ ಬದಲಿಸಿ ಹೊಂದಿಸುತ್ತಿದ್ದರು. ಮೋಟರ್ ತನ್ನ 144 ಬಿಟ್ಟು ಕದಲುತ್ತಿರಲಿಲ್ಲ.